ಕರೆಂಟು ಬರುವ ತನಕ

ಏಳಕ್ಕೆ ಹೋದರೆ ಒಂಬತ್ತಕ್ಕೆ, ಬಂದರೆ ಬಂತು.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ,
ಜೈತುನ್‌ಬಿಯ ಕಟ್ಟೆ.
ಹೊಗೆ ಕುಡಿದ ಗೋಡೆಗೆ ಕತ್ತಲೇನು ಹೊಸದಲ್ಲ.

ಬೋರಲು ಹಾಕಿದ ಲೋಟದ ತಳಕ್ಕೆ
ಎರಡು ಹನಿ ಮೇಣ ತೊಟ್ಟಿಕ್ಕಿಸಿ
ಬತ್ತಿ ನಿಲ್ಲಿಸುತ್ತಿದ್ದಳು, ಕಿರುಬೆರಳಷ್ಟು.
"ಇದು ಇರೋ ತನ್ಕ ಕತೆ.
ಆಮೇಲೆ ನೀವುಂಟು, ಅದುಂಟು."

ಅವಳ ದೆವ್ವಕ್ಕೆ ಪಾದ ಹಿಂದುಮುಂದಾಗಿರಲಿಲ್ಲ,
ಅದು ಸುಣ್ಣ ಕೇಳುತ್ತಿರಲಿಲ್ಲ, ಹುಣಸೆಮರವೂ ಬೇಡ.
ಒಂದು ಹುಡುಗಿ, ಅಷ್ಟೆ. ಮೈತುಂಬ ಹೊಟ್ಟಿನ ಧೂಳು.
ನಸುಕಿನ ಮೂರಕ್ಕೆ
ಆರಿದ ಭಟ್ಟಿಯಲ್ಲಿ ಮರಳು ತಂತಾನೇ ಮಗುಚುವ ಸದ್ದು
ಚರ್... ಚರ್...
ನಾವು ಒಬ್ಬರ ಲಂಗ ಒಬ್ಬರು ಹಿಡಿಯುತ್ತಿದ್ದೆವು.
ಟೈಲರ್ ಮಗ ಕೊಟ್ರೇಶಿ
ಉಚ್ಚೆ ಬಂದರೂ ಏಳುತ್ತಿರಲಿಲ್ಲ.

"ಜಲ್ಲಡಿ ಹಿಡ್ಕಂಡು ನಿಂತಾಳೆ. ಬೆನ್ನು ಈ ಕಡಿಗೆ.
ಕರದೆ. ತಿರುಗಿದ್ಲು.
ಬಾಯಿ ತಗದು ಅಂದ್ಲು..."

ಫಕ್ಕನೆ ಬೀದಿದೀಪ.
ಓಣಿಯ ಅಷ್ಟೂ ಬಾಯಿ ಒಮ್ಮೆಗೇ: "ಬಂತೂ!"
ನಾವು ಕಿರುಚಿದ್ದು ಯಾವುದಕ್ಕೋ.
ಯಾರದೋ ಮಿಕ್ಸಿ, ಯಾರದೋ ಟಿವಿಯಲ್ಲಿ ಅರ್ಧ ವಾರ್ತೆ.
ಜೈತುನ್‌ಬಿ ಫೂ ಎಂದು
ಚೋಟು ಬತ್ತಿಯನ್ನು ಗೂಡಿಗೆ ಸೇರಿಸುವಳು.
"ಬೆಳಕಿನಾಗೆ ಹೇಳಿದ್ರೆ ಅದಕ್ಕೆ ನಾಚಿಕೆ."

ಮೂರು ಬೇಸಿಗೆ ಹೀಗೇ.
ದೆವ್ವ ತೆರೆದ ಬಾಯಿ ತೆರೆದ ಹಾಗೇ ಉಳಿಯಿತು
ನಾನು ದೊಡ್ಡವಳಾದೆ, ಮದುವೆಯಾಗಿ ಹರಿಹರಕ್ಕೆ ಹೋದೆ.

ಈಗ ಆ ಓಣಿಯಲ್ಲೂ ಮನೆಗೊಂದು ಯುಪಿಎಸ್.
ಮೊನ್ನೆ ಮಂಡಕ್ಕಿ ಒಯ್ಯಲು ಹೋದವಳು ಕೇಳಿಯೇ ಬಿಟ್ಟೆ.
ಅವಳೇ ಎದ್ದು ಸ್ವಿಚ್ ಆರಿಸಿದಳು.
ಕಡ್ಡಿ ಮೂರನೆಯದು ಹತ್ತಿತು.
ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆ
ಬತ್ತಿಯ ಎದುರು ಎಣ್ಣೆ ಸವರಿದ ಹಾಗೆ ಹೊಳೆಯಿತು.
ಅಂದೂ ಇದ್ದಿರಬೇಕು. ನನಗೆ ಕತೆಯ ಮೇಲೇ ಕಣ್ಣು.

"ಮೆಹರು ಅಂತ," ಅಂದಳು.
ಅಷ್ಟು ವರ್ಷ ಅದಕ್ಕೆ ಹೆಸರಿರಲಿಲ್ಲ.
"ನನಗಿಂತ ಎರಡು ವರ್ಷ ಸಣ್ಣಾಕಿ."

ಬಾಯಿ ತೆರೆದು ಏನಂದಳು?

"ಏನಂತಾಳೆ. ಉಪ್ಪು ಸಾಲ್ದು ಆಪಾ,
ಇನ್ನೊಂಚೂರು ಹಾಕು, ಅಂದ್ಲು.
ಇದ್ದಾಗ್ಲೂ ಅದನ್ನೇ ಅಂತಿದ್ಲು."

ಹೊರಗೆ ಬೀದಿ ಝಗಝಗ.
ಒಳಗೆ ಬತ್ತಿ ಲೋಟದ ತಳ ಮುಟ್ಟುತ್ತಿತ್ತು.
ಯಾರೂ 'ಬಂತು' ಅನ್ನಲಿಲ್ಲ.
ಏನು ಹೇಳಬೇಕೋ ತಿಳಿಯದೆ
ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಮುಕ್ಕಿದೆ.

ನಿಜ. ಒಂಚೂರು ಸಪ್ಪೆ.