ಅರ್ಥಿಂಗ್

ಸೋಲಾಪುರದಾಗ ಕ್ಲಚ್ ಪ್ಲೇಟ್ ಹಾಕಿಸ್ಕೊಂಡು ಬಂದ
ಮೂರನೇ ದಿನಕ್ಕ
ಬ್ರೇಕ್ ತುಳಿದ್ರ ವೈಪರ್ ಮಿಸುಕಾಡಾಕ ಹತ್ತಿತು.
ಮಳಿ ಇಲ್ಲ, ಮೋಡ ಇಲ್ಲ,
ವಳಸಂಗದ ಬಿಸಿಲಾಗ ಒಣ ಗಾಜು ತಿಕ್ಕೊಂತ
ಅರ್ಧ ಎದ್ದು, ನಾಚಿ, ಮತ್ತ ಮಲಗೋದು.
ಎಡಕ್ಕ ಇಂಡಿಕೇಟರ್ ಹಾಕಿದ್ರ ಪೆಟ್ರೋಲ್ ಮುಳ್ಳು ಕುಣಿಯೋದು:
ಟಾಕಿ ತುಂಬೇದ, ಖಾಲಿ ಅದ, ತುಂಬೇದ, ಖಾಲಿ ಅದ.
ಹಾರ್ನ್ ಒತ್ತಿದ್ರ ಹೆಡ್‌ಲೈಟ್ ಪಿಳುಕಿಸಿ
ಮುಂದ ಹೊಂಟ ಟ್ರ್ಯಾಕ್ಟರಿನವಗ ಕಣ್ಸನ್ನಿ ಮಾಡೋದು.

ಇಪ್ಪತ್ತಾರು ವರ್ಷದ ಓಮ್ನಿ.
ಹಿಂದ ಚಾದರ್ ಗಂಟು, ನಲವತ್ತು ನಗ.
ಮೈಂದರ್ಗಿ, ದುಧನಿ, ನಾಗಣಸೂರ, ವಾರಕ್ಕ ಮೂರು ಫೇರಿ.
ನಂಬರ್ ಪ್ಲೇಟ್ ಮರಾಠಿಯಾಗ, ಬೈಗುಳ ಕನ್ನಡದಾಗ.

ನಾಮದೇವಗ ಫೋನ್ ಹಚ್ಚಿದೆ.
"ಮಾಝ್ಯಾಕಡೂನ ಗೇಲೀ ತೇವ್ಹಾ ಠೀಕ ಹೋತೀ," ಅಂದ.
ಅವನ ಕಡಿಂದ ಹೋಗುವಾಗ ಛಲೋ ಇತ್ತಂತ.
ಲಗ್ನ ಮಾಡಿ ಕೊಟ್ಟವರು ಹೇಳೋ ಮಾತ ಅದು.

ಫ್ಯೂಜ್ ಬದಲಿ ಆತು. ರಿಲೇ ಬದಲಿ ಆತು.
ಮೂರು ಸಾವಿರದ ಆರನೂರು ಕೊಟ್ಟು ಹೊಸಾ ಬ್ಯಾಟರಿ ಬಂತು;
ವೈಪರ್ ಇನ್ನಷ್ಟು ಹುರುಪಿಲೆ ಎದ್ದು ನಿಂತಿತು.
ನೆಗೆಣ್ಣಿ ಕಲಾವತಿ ಬಂಪರಿಗೆ ನಿಂಬಿಹಣ್ಣು ಕಟ್ಟಿ
"ಯಾರ್ದೋ ಕಣ್ಣು ಬಿದ್ದದ," ಅಂದಳು.
ಇದರ ಮ್ಯಾಲ ಕಣ್ಣು ಹಾಕೂವಂಥ ಬಡವಿ
ಅಕ್ಕಲಕೋಟದಾಗ ಯಾರ ಅದಾಳ, ನನಗಂತೂ ಗೊತ್ತಿಲ್ಲ.

ಒಂದಿನ ಮುಂಜಾನಿ ಸೆಲ್ಫ್ ಹೊಡಿದ್ರ
ಕಾಲಿನ ಬುಡಕ ಸುಟ್ಟ ವಾಸನಿ.
ಆಕ್ಸಲರೇಟರ್ ತಂತಿ ಮುಟ್ಟಿದೆ.
ರೊಟ್ಟಿ ಹಂಚಿನ ಅಂಚಿನಂಗ ಚುರ್ ಅಂತು.

ಬಸ್‌ಸ್ಟ್ಯಾಂಡ್ ಹಿಂದಿನ ಮಶಾಕಂದು ಮಾತು ಕಮ್ಮಿ.
ಸೀಟೆತ್ತಿದ, ಸುಮ್ನ ನೋಡಿದ,
ಮೀಟರಿನ ಎರಡು ಕಡ್ಡಿ ಅಲ್ಲೊಂದು ಇಲ್ಲೊಂದು ಇಟ್ಟು
"ಮಹಾನಂದಕ್ಕ, ಇದಕ್ಕ ಅರ್ಥ್ ಇಲ್ಲ," ಅಂದ.
ಏನಂದಿ?
"ಅರ್ಥ್. ಇಂಜಿನ್ನಿಗೂ ಬಾಡಿಗೂ ಸಂಬಂಧ ಕಡಿದದ."
ಮೂರು ವಾರದಿಂದ ನಾನೂ ಅದನ್ನ ಅನ್ನಾಕ ಹತ್ತೀನಪ್ಪ,
ಇದಕ್ಕ ಅರ್ಥ ಇಲ್ಲ ಅಂತ.
ಅವ ನಗಲಿಲ್ಲ.

ಹಳೇ ಎಲೆಕ್ಷನ್ ಬ್ಯಾನರ್ ಹಾಸಿ ಗಾಡಿ ಬುಡಕ ಹೊಕ್ಕ.
ಯಾವನೋ ಉಮೇದವಾರನ ಮಾರಿ ಮ್ಯಾಲ ಮಲಗಿ
ಅಲ್ಲಿಂದನ ಹೇಳಿದ:
ಕರೆಂಟ್ ಹೋದ್ರ ಆಗಲಿಲ್ಲಕ್ಕ, ತಿರುಗಿ ಬರಬೇಕು.
ಬ್ಯಾಟರಿಂದ ಹೊಂಟದ್ದು ಬಲ್ಬಿನಾಗ ದುಡಿದು
ತಗಡು ಹಿಡಕೊಂಡು ಮನಿ ಮುಟ್ಟಬೇಕು.
ನೆಟ್ಟನ ಹಾದಿ ಬಂದ್ ಆದ್ರ
ಸಿಕ್ಕಸಿಕ್ಕವರ ಪಡಸಾಲ್ಯಾಗ ಹಾದು ಹೋಗ್ತದ.
ಬ್ರೇಕಿಂದು ವೈಪರಿನ ಮನಿಯಾಗ,
ಸೆಲ್ಫಿಂದು ಈ ಬಡ ತಂತಿಯಾಗ.
ತಪ್ಪು ಕರೆಂಟಿಂದಲ್ಲ.

ಗೇರ್‌ಬಾಕ್ಸಿನ ಪಕ್ಕಕ್ಕ ಜಡಿಯಂಗ ಹೆಣೆದ ಗೇಣುದ್ದದ ಪಟ್ಟಿ,
ಅದರ ಜೋಡಿ ಡ್ಯಾಶ್‌ಬೋರ್ಡಿನ ಕರಿ ವಾಯರು,
ಎರಡೂ ಒಂದ ಬೋಲ್ಟಿನವು. ಬೋಲ್ಟ್ ಇಲ್ಲ.
ಕ್ಲಚ್ ಇಳಿಸುವಾಗ ಬಿಚ್ಚಿದ್ದು, ಏರಿಸುವಾಗ ಮರೆತದ್ದು.
"ಹತ್ತು ನಂಬರಿಂದು ಬೇಕು, ಪ್ಯಾಟಿಗೆ ಹೋಗಿ ಬರ್ತೀನಿ."

ತಡಿ, ಅಂದೆ.
ಸ್ಟೇರಿಂಗ್ ಮುಂದಿನ ಗೂಡಿನಾಗ
ಉದ್ರಿ ಚೀಟಿ ಹಾರಬಾರದಂತ ಒಂದು ಬೋಲ್ಟ್ ಇಟ್ಟಿದ್ದೆ.
ಸೋಲಾಪುರದಿಂದ ಬಂದ ದಿನ
ಕಾಲಾಗಿನ ಚಾಪಿ ಝಾಡಿಸುವಾಗ ಸಿಕ್ಕದ್ದು.
ಮೂರು ವಾರ, ಬ್ರೇಕ್ ತುಳಿದಾಗೆಲ್ಲ
ಚೀಟಿ ಮ್ಯಾಲ ಕುಂತು ನನ್ನನ್ನ ನೋಡ್ತಿತ್ತು.

ಮಶಾಕ ಉಸುಕಿನ ಕಾಗದಲೆ ಜಂಗು ತಿಕ್ಕಿ ಬಿಗಿದ.
ಬ್ರೇಕ್ ತುಳಿದೆ. ವೈಪರ್ ಮಲಗೇ ಇತ್ತು.
ಮತ್ತ ತುಳಿದೆ.
ಖರೇ ಹೇಳ್ತೀನಿ, ತುಸು ಬ್ಯಾಸರಾತು.

ಒಳಗಿನ ಲೈಟ್ ಮಾತ್ರ ಹತ್ತಲಿಲ್ಲ.
"ಅದನ್ನೂ ನೋಡ್ಲೇನಕ್ಕ?"
ಬ್ಯಾಡ. ಅದು ಮೊದಲಿಂದ್ಲೂ ಹಂಗ ಅದ.