ಬಾಡಿಗೆಯಲ್ಲ, ರೇಸು

ಜೆರಾಕ್ಸ್ ಅಂಗಡಿಯ ಷಟರು ಅರ್ಧ ಎಳೆದಿದ್ದೇನೆ.
ಗುತ್ತಲು ರೋಡು, ಶನಿವಾರ, ರಾತ್ರಿ ಹತ್ತೂವರೆ.
ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ಘಾಟು
ಬಗ್ಗಿಕೊಂಡು ಒಳಗೆ ಬರುತ್ತದೆ,
ಅದರ ಹಿಂದೆಯೇ ಬಗ್ಗಿಕೊಂಡು ಇವರು ಮೂವರು.

ಮಿಮ್ಸಿನ ಡ್ಯೂಟಿ ಮುಗಿಸಿದ ನೇತ್ರಾವತಿ,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಜವರ, ಬೇಕರಿಯಲ್ಲಿ ಉಳಿದ ದಿಲ್‌ಪಸಂದು
ಪೇಪರಿನಲ್ಲಿ ಸುತ್ತಿಕೊಂಡು.
ತೌಸೀಫ, ಹೊರಗೆ ನಿಲ್ಲಿಸಿದ ಆಟೋವನ್ನು
ಎರಡು ಸಲ ತಿರುಗಿ ನೋಡಿ.

ಎ-ಫೋರ್ ಬಂಡಲುಗಳೇ ಕುರ್ಚಿ.
ಮದುವೆ ಕಾರ್ಡು ಡಿಸೈನು ಮಾಡುವ ಮಾನಿಟರು
ಈಗ ನಾಲ್ಕು ಹೋಳಾದ ಲೋಕ,
ಹೋಳಿಗೊಂದು ಪುಟಾಣಿ ಬಂಡಿ.
ಮೂರು, ಎರಡು, ಒಂದು

ಹೋದಳು ನೇತ್ರಾವತಿ.
ಬೆಳಗಿನಿಂದ ‘ಅಲುಗಾಡಬೇಡಿ, ಒಂದೇ ನಿಮಿಷ’ ಎಂದು
ಮೆತ್ತಗೆ ಸೂಜಿ ಚುಚ್ಚಿದ ಕೈ
ಜವರನ ಬೆನ್ನಿಗೆ ರಾಕೆಟ್ಟು ಬಿಡುತ್ತದೆ.
ಅವನು ಸೇತುವೆ ಹಾರಿ, ಯಾರದೋ ಹೆಂಚು ಒಡೆದು,
ಅಡುಗೆಮನೆಯೊಳಗೆ ಇಳಿದು, ಹಿತ್ತಲಲ್ಲಿ ಎದ್ದು,
ಕೋಳಿಗಳ ಸಮೇತ ಕೆರೆಗೆ.
“ಅಮ್ಮೀ, ನಾನೇನ್ ಮಾಡಿದ್ನೇ ನಿಂಗೆ?”
“ಹೋದ್ವಾರ ಬನ್ನಿಗೆ ಎರಡ್ ರೂಪಾಯಿ ಜಾಸ್ತಿ ಇಸ್ಕಂಡಲ್ಲ, ಅದುಕ್ಕೆ.”

ಮೂರು ಸೆಕೆಂಡು. ಆಟ ಅವನನ್ನು
ಎತ್ತಿ, ಒರೆಸಿ, ಒಣಗಿಸಿ
ಮತ್ತೆ ದಾರಿಯ ಮೇಲೆ ಇಡುತ್ತದೆ.
ಕೋಳಿಗಳನ್ನೂ.

ನಾನೋ, ಬಾಣ ಎಡಕ್ಕೆಂದರೆ ಬಲಕ್ಕೆ.
ದಿನವಿಡೀ ಕಂಡವರ ಆಧಾರು, ಪಹಣಿ, ಮಾರ್ಕ್ಸ್‌ಕಾರ್ಡು
ಗೆರೆ ತಪ್ಪದಂತೆ ನಕಲು ಇಳಿಸಿದವನಿಗೆ
ಗೆರೆ ಕಂಡರೆ ಆಗುವುದಿಲ್ಲ.
ಜೋಳದ ಹೊಲ ಸೀಳಿ, ಗಾಳಿಯಂತ್ರ ಗುದ್ದಿ,
ಒಂದು ಬೆಟ್ಟದ ನೆತ್ತಿಯಲ್ಲಿ
ಮೇಕೆಯೊಂದರ ಜೊತೆ ಸಿಕ್ಕಿಕೊಂಡಿದ್ದೇನೆ.

ಮತ್ತು ತೌಸೀಫ.
ಪೇಟೆಗೆ ಪೇಟೆಯೇ ಹಾರಿ ಬೀಳುವಾಗ
ತೌಸೀಫ ಎಡಗಡೆಯಲ್ಲೇ ಹೋಗುತ್ತಿದ್ದಾನೆ.
ತಿರುವಿಗೊಂದು ಹಾರನ್ನು.
ಹಸು ಬಂದರೆ, ಹೋಗವ್ವ ಮುಂದೆ.
ಕೆಂಪು ದೀಪ (ದೀಪವಲ್ಲ ಅದು, ಅಲಂಕಾರ)
ನಿಂತುಬಿಟ್ಟ.
ರಸ್ತೆ ಬದಿ ಕೈಬೀಸುವ ಗೊಂಬೆ ಜನರ ಮುಂದೆ
ನಿಧಾನಿಸಿ, ಹತ್ತುತ್ತಾರೇನೋ ಅಂತ
ಒಂದು ಗಳಿಗೆ ಕಾದ.

“ಲೋ ತೌಸೀಫಾ, ರೇಸು ಕಣ್ಲಾ ಇದು, ಬಾಡಿಗೆ ಅಲ್ಲ!”
“ಗೊತ್ತು ಕಣ್ಲಾ,
ಕೈ ಕೇಳಬೇಕಲ್ಲ.”

ಹನ್ನೆರಡನೇ ಸ್ಥಾನ.
ಇರುವುದು ಹನ್ನೆರಡೇ ಬಂಡಿ.

ಐದನೆಯದೋ ಆರನೆಯದೋ ರೇಸಿನಲ್ಲಿ
ದಿಲ್‌ಪಸಂದಿನ ಅಂಟು ಬಟನ್ನಿಗೆ ಹತ್ತಿ
ಜವರನ ಬಂಡಿ ತನ್ನಷ್ಟಕ್ಕೆ ಸುತ್ತುತ್ತಿರುವಾಗ
ಎಲ್ಲೋ ಹಿಂದುಗಡೆಯಿಂದ ತೌಸೀಫನ ಮಾತು:
“ಇತ್ತಗೆ ಬನ್ರೋ, ಇಲ್ಲೊಂದು ದಾರಿ ಅದೆ.”

ಓಡುವವರ ಕಣ್ಣಿಗೆ ಬೀಳದ ದಾರಿ.
ಕಲ್ಲುಗೋಡೆಯ ಸಂದಿನಲ್ಲಿ ಇಳಿದು
ಮಣ್ಣಾಗಿ, ಮರಳಾಗಿ,
ಕಡಲ ಮುಂದೆ ಸುಮ್ಮನಾಗುತ್ತದೆ.
ಆಚೆಗೆ ನಕ್ಷೆಯಿಲ್ಲ.
ಹೋಗಿ ನೋಡಿದೆವು: ಕಾಣದ ಗೋಡೆಗೆ
ಬಂಡಿಯ ಮೂಗು ಟಕ್ ಟಕ್.

ನಾಲ್ಕೂ ಬಂಡಿ ಸಾಲಾಗಿ ನಿಲ್ಲಿಸಿದೆವು.
ನಾಲ್ಕು ಹೋಳಿನಲ್ಲೂ ಒಂದೇ ಸೂರ್ಯ,
ಒಂದೊಂದು ಹೋಳಿನಲ್ಲಿ ಒಂದಿಷ್ಟು ಓರೆ.
ಯಾರೋ ಗೆದ್ದ ಸದ್ದು ದೂರದಲ್ಲಿ.
ಬಟನ್ನು ಒತ್ತದ ಎಂಟು ಹೆಬ್ಬೆರಳು.

ಕೊನೆಯ ರಾಕೆಟ್ಟು ನೇತ್ರಾವತಿಯ ಹತ್ತಿರ ಇತ್ತು.
ಬಿಡಲಿಲ್ಲ ಅವಳು,
ಸುಮಾರು ಒಂದು ನಿಮಿಷ.

ರಾತ್ರಿ ಒಂದು ಗಂಟೆ. ಷಟರು ಬೀಗ.
ತೌಸೀಫನ ಆಟೋ ಕೆಮ್ಮಿತು, ಕೆಮ್ಮಿ ಮಲಗಿತು.
“ತಳ್ರಪ್ಪಾ.”
ಮೂವರೂ ಹಿಂದೆ, ಅವನೊಬ್ಬ ಹ್ಯಾಂಡಲ್ಲಿನಲ್ಲಿ.
ನೇತ್ರಾವತಿಯ ಚಪ್ಪಲಿ ಕಿತ್ತು ಅವಳು ನಗುತ್ತಾಳೆ,
ಜವರ ಬಾಯಲ್ಲೇ ಬುರ್ರ್ ಎನ್ನುತ್ತಾನೆ.

ನೂರಡಿ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ.
ನಾಯಿಗಳೂ ಪಕ್ಕಕ್ಕೆ ಸರಿದಿವೆ.
ತಿರುವು ಬಂತು.
ತೌಸೀಫ ಇಂಡಿಕೇಟರು ಹಾಕಿದ.