ಬಾಯಿ ಬಿಡದ ಬೆಳಚು

ಇಪ್ಪತ್ತಾರನೆಯದು ಅರಬೈಲು ಘಟ್ಟ ಹತ್ತುವಷ್ಟರಲ್ಲಿ ಕೆಟ್ಟಿತು.
ಥರ್ಮಾಸಿಗೆ ಐಸು ತುಂಬಿ, ಕಂಡಕ್ಟರನ ಕೈಗೆ ಐವತ್ತು ಕೊಟ್ಟು
ಅಳೆಯಲೆಂದು ಧಾರವಾಡದ ಯಂತ್ರಕ್ಕೆ ಕಳಿಸಿದ್ದೆ.
ಅಲ್ಲಿಂದ ಫೋನು: ಮೇಡಂ, ತಳದಲ್ಲಿ ಮೊಸರು ಕೂತಿದೆ.

ಕುಮಟೆಯ ಕಾಲೇಜಿನ ಹಿಂದಿನ ಕೋಣೆ.
ಅಸಿಟೋನಿನ ವಾಸನೆ. ಉಪ್ಪುಗಾಳಿ ತಿಂದ ಕಿಟಕಿಯ ಸರಳು.
ಮತ್ತೆ ಕೂತಿದ್ದೇನೆ. ಸಿರಿಂಜಿನಿಂದ ಹನಿ, ಇನ್ನೊಂದು ಹನಿ.
ಬೀಕರಿನ ತಳದಲ್ಲಿ ಪುಟ್ಟ ಅಯಸ್ಕಾಂತ ಗಿರ್ರನೆ ಸುತ್ತುತ್ತಿದೆ.

ಒಂದು ಎಳೆ. ಒಂದು ತುದಿಗೆ ನೀರೆಂದರೆ ತವರು,
ಇನ್ನೊಂದಕ್ಕೆ ನೀರೆಂದರೆ ಆಗದು.
ಇಷ್ಟು ವರ್ಷ ಹೀಗೇ ಪಾಠ ಮಾಡಿದೆ; ಪೂರಾ ನಿಜವಲ್ಲ.
ಮುನಿಸು ಎಳೆಯದ್ದಲ್ಲ.
ನೀರೇ ನೀರಿನ ಕೈ ಬಿಗಿಯಾಗಿ ಹಿಡಿದು
ಅದನ್ನು ಹೊರಗೆ ನಿಲ್ಲಿಸುತ್ತದೆ.
ನಿಂತವು ಒಂದಕ್ಕೊಂದು ಒತ್ತಿಕೊಂಡು ಉಂಡೆಯಾಗುತ್ತವೆ,
ನೀರು ಸೇರಿಸದ ಮದ್ದೂ ನಡುವೆ ನುಸುಳಿ ಕೂರುತ್ತದೆ.
ಯಾರೂ ಕಟ್ಟಿದ್ದಲ್ಲ.

"ಐಸಾ ಅಂತ ಒಬ್ಬರೂ ಕೂಗದೆ?"
ಮಂಕಾಳಿ ಚಿಕ್ಕಿ ನಂಬಲಿಲ್ಲ.
ಗಂಡ ರಂಪಣಿಯ ಹಗ್ಗ ಎಳೆದವನು;
ಕೂಗಿಲ್ಲದೆ ದಡಕ್ಕೆ ಬಂದ ಬಲೆ ಅವಳು ಕಂಡವಳಲ್ಲ.

ಅವಳ ನರಕ್ಕೆ ಆರು ಸಲ ಕೆಂಪು ಮದ್ದು ಇಳಿದಿದೆ.
ಎದೆಯ ಗಂಟಿಗೆಂದು ಹೊರಟದ್ದು
ದಾರಿಯಲ್ಲಿ ಕೂದಲು ಕಿತ್ತಿತು, ನಾಲಿಗೆ ಸುಟ್ಟಿತು,
ಉಗುರಿಗೆ ಶಾಯಿ ಬಳಿಯಿತು.
ಸಣ್ಣ ಕಣ್ಣಿನ ಬಲೆ ಹಾಗೆ,
ಮರಿ ಮೊಟ್ಟೆ ಪಾಚಿ ಎಲ್ಲ ಬಾಚುತ್ತದೆ.

ಗಂಟಿನೊಳಗಿನ ರಸ ನೆತ್ತರಿಗಿಂತ ತುಸು ಹುಳಿ.
ಮುರುಗಲಿನಷ್ಟಲ್ಲ,
ಸಂಜೆಗೆ ತಿರುಗಿದ ಗಂಜಿಯಷ್ಟು.
ಅಷ್ಟು ಹುಳಿ ತಾಗಿದಲ್ಲಿ ಮಾತ್ರ ಕಳಚಿಕೋ ಎಂದು
ಎಳೆಯ ನಡುವೆ ಒಂದು ಕೊಂಡಿ ಇಟ್ಟಿದ್ದೇನೆ.

ಇಪ್ಪತ್ತೇಳನೆಯ ಬೀಕರಿನಲ್ಲಿ ನಸುನೀಲಿ ಬಂತು,
ತಾರ್ಲೆ ಮೀನಿನ ಪಕ್ಕೆಯ ನೀಲಿ.
ಈ ಸಲ ನಾನೇ ಬಸ್ಸು ಹತ್ತಿದೆ, ಥರ್ಮಾಸು ತೊಡೆಯ ಮೇಲೆ.
ಎಂಬತ್ತನಾಲ್ಕು ನ್ಯಾನೊಮೀಟರು.

ಚಿಕ್ಕಿಗೆ ಶೀಶೆ ತೋರಿಸಿದೆ. ಬೆಳಕಿಗೆ ಹಿಡಿದಳು.
"ಅಕ್ಕಿ ತೊಳೆದ ನೀರಲ್ಲನೆ ಇದು?"
ನಿನಗಲ್ಲ ಚಿಕ್ಕಿ. ಮೊದಲು ಇಲಿಗೆ. ಆಮೇಲೂ ಹತ್ತು ವರ್ಷ.
"ಪುಣ್ಯ ಮಾಡಿದ ಇಲಿ," ಎಂದು ಒಲೆಗೆ ತಿರುಗಿದಳು.

ಮೊನ್ನೆಯಿಂದ ಮತ್ತೆ ಅಘನಾಶಿನಿಗೆ ಇಳಿಯುತ್ತಾಳೆ,
ತಲೆಗೆ ಟವೆಲು ಸುತ್ತಿ, ಕೆಸರಿನಲ್ಲಿ ಕಾಲಿನಿಂದ ತಡಕುತ್ತ.
ಪಾತ್ರೆಯಲ್ಲಿ ಬೆಳಚು. ಬಿಸಿಗೆ ಟಕ್ ಎಂದು ಒಂದು,
ಆಮೇಲೆ ಎಲ್ಲ ಒಟ್ಟಿಗೆ.
ಕೆಲವು ಹಾಗೇ ಉಳಿದವು.
"ಬಾಯಿ ಬಿಡದ್ದು ಸತ್ತದ್ದು. ಎಸಿ. ಲೆಕ್ಕಕ್ಕಿಲ್ಲ."

ನನಗೆ ಅದೂ ಲೆಕ್ಕ.
ಹುಳಿನೀರಿನಲ್ಲಿ ನಲವತ್ತೆಂಟು ತಾಸು ಇಟ್ಟು ನೋಡಿದೆ:
ತುಂಬಿದ ಮದ್ದಿನಲ್ಲಿ ನೂರಕ್ಕೆ ಅರವತ್ತೊಂಬತ್ತು ಹೊರಗೆ.
ಮೂವತ್ತೊಂದು ಒಳಗೇ.
ಪುಸ್ತಕದಲ್ಲಿ ಮೊದಲು ಬರೆದದ್ದು ಮೂವತ್ತೊಂದು.